ಅಫೀಮು ಬಳಗದ ಮದ್ದು ಅತಿಯಾದಾಗ: ಊರಲ್ಲಿ ತರಬೇತಿ ನಡೆಸುವುದು ಹೇಗೆ

ಟ್ರಾಮಡಾಲ್, ಟಪೆಂಟಡಾಲ್ ಗುಳಿಗೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ಕ್ಯಾನ್ಸರ್ ರೋಗಿಗೆ ಬರೆದುಕೊಟ್ಟ ಮಾರ್ಫಿನ್, ಹೆರಾಯಿನ್, ಇವೆಲ್ಲ ಒಂದೇ ಬಳಗ. ಅತಿಯಾದರೆ ಉಸಿರಾಟ ನಡೆಸುವ ಮಿದುಳಿನ ಭಾಗ ಮಂಕಾಗುತ್ತದೆ, ಉಸಿರು ನಿಧಾನವಾಗುತ್ತಾ ನಿಂತೇ ಹೋಗುತ್ತದೆ. ಹಾಗಾಗಿ ಎರಡು ತಾಸಿನ ತರಬೇತಿಯಲ್ಲಿ ಒಂದೂವರೆ ತಾಸು ಉಸಿರಿಗೇ ಮೀಸಲಿಡಿ. ಸನ್ಮಾನ, ಭಾಷಣ ಇನ್ನೊಂದು ದಿನ ಆಗಲಿ.

ಪಂಚಾಯ್ತಿ ಸಭಾಭವನ ಸಾಕು. ಒಂದು ತಂಡಕ್ಕೆ 15ರಿಂದ 20 ಜನ: ಆಶಾ ಕಾರ್ಯಕರ್ತೆಯರು, ಔಷಧ ಅಂಗಡಿಯ ಹುಡುಗರು, ಕಬ್ಬಿನ ಲಾರಿ ಚಾಲಕರು, ಢಾಬಾದವರು, ಹಾಸ್ಟೆಲ್ ವಾರ್ಡನ್‌ಗಳು. ಏಳೆಂಟು ಜನಕ್ಕೊಂದು, ಅಭ್ಯಾಸಕ್ಕೆ ಬಳಸುವ ಮನುಷ್ಯಾಕಾರದ ಬೊಂಬೆ ಬೇಕು. ಬೊಂಬೆಯಿಲ್ಲದೆ, ಬಾಯಿಗೆ ಬಾಯಿಟ್ಟು ಉಸಿರು ಊದುವುದನ್ನು ಬರೀ ಮಾತಲ್ಲಿ ಕಲಿಸಲಾಗದು.

ಮೊದಲು ಗುರುತಿಸುವುದು. ಜೋರಾಗಿ ಕೂಗಿ: "ಏ ಅಣ್ಣಾ, ಏಳ!" ಏಳದಿದ್ದರೆ ಎದೆಯ ನಡುವಿನ ಎಲುಬನ್ನು ಗೆಣ್ಣಿನಿಂದ ಗಟ್ಟಿಯಾಗಿ ತಿಕ್ಕಿ. ಆಮೇಲೆ ಎದೆ ನೋಡುತ್ತ 30 ಸೆಕೆಂಡು ಉಸಿರು ಎಣಿಸಿ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ಬರೀ ಗುಟುಕರಿಸುತ್ತಿದ್ದರೆ, ಕಾಯಬೇಡಿ. ಉಸಿರು ಸಾಲದಾಗ ಬರುವ ನೀಲಿ ಛಾಯೆ ಕಪ್ಪು ಮೈಬಣ್ಣದವರಲ್ಲಿ ಮುಖದ ಮೇಲೆ ಕಾಣದು. ತುಟಿಯ ಒಳಬದಿ, ಉಗುರು ನೋಡಿ. ಕಣ್ಣಿನ ಪಾಪೆ ಸಾಮಾನ್ಯವಾಗಿ ಸೂಜಿಮೊನೆಯಷ್ಟಾಗಿರುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರುತ್ತಿದ್ದರೆ ಮನೆಯವರು "ಗಾಢ ನಿದ್ದಿ ಬಂದೈತಿ, ಎಬ್ಬಿಸಬ್ಯಾಡ್ರಿ" ಅನ್ನುತ್ತಾರೆ. ಇಂಥ ಕಡೆಯೇ ಜೀವ ಹೋಗುವುದುಂಟು.

ಇಲ್ಲಿಯ ಹೊಲಗಳಲ್ಲಿ ಇನ್ನೊಂದು ಗೊಂದಲವುಂಟು. ಕ್ರಿಮಿನಾಶಕ ಕುಡಿದವರ ಪಾಪೆಯೂ ಹೀಗೇ ಸಣ್ಣದಾಗುತ್ತದೆ. ಆದರೆ ಅವರ ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಕ್ರಿಮಿನಾಶಕದ ವಾಸನೆ, ಸ್ನಾಯು ಅದುರುವುದು ಇರುತ್ತದೆ. ಅಂಥವರ ಬಾಯಿಗೆ ಬಾಯಿಟ್ಟು ಊದಬೇಡಿ, ವಿಷ ನಿಮಗೂ ತಾಗಬಹುದು. 108ರವರಿಗೆ ಮೊದಲೇ ಹೇಳಿ. ಟ್ರಾಮಡಾಲ್ ಅತಿಯಾದರೆ ಫಿಟ್ಸ್ ಬರುವುದುಂಟು. ಆಗ ಕೈಗೆ ಕೀಲಿಕೈ ಕೊಟ್ಟರೆ, ಮೂಗಿಗೆ ಉಳ್ಳಾಗಡ್ಡಿ ಹಿಡಿದರೆ ಏನೂ ಉಪಯೋಗವಾಗದು. ಮಜ್ಜಿಗೆ, ನಿಂಬೆರಸ, ಹುಣಸೆನೀರು ಮಾತ್ರ ನಿಜಕ್ಕೂ ಅಪಾಯ: ಎಚ್ಚರವಿಲ್ಲದವರ ಬಾಯಿಗೆ ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ.

108ಕ್ಕೆ ಕರೆ ಮಾಡಿ ಫೋನ್ ಸ್ಪೀಕರಿಗೆ ಹಾಕಿ. "ಎಚ್ಚರ ಇಲ್ಲ, ಉಸಿರು ಕಡಿಮೆ" ಎಂದು ಮೊದಲು ಹೇಳಿ, ನಂತರ ಗುರುತಿನ ಗುಡಿ, ಬಾವಿ, ಬಸ್ ಸ್ಟಾಪು. ತೋಟದ ಮನೆಗಳಿಗೆ ದಾರಿ ಹೇಳುವುದನ್ನು ತರಬೇತಿಯಲ್ಲೇ ಅಭ್ಯಾಸ ಮಾಡಿಸಿ.

ಈಗ ಊದುವುದು. ಅಂಗಾತ ಮಲಗಿಸಿ, ಬಾಯಲ್ಲಿ ಕಾಣುವ ಎಲೆ, ಗುಟಕಾ, ಹಲ್ಲಿನ ಸೆಟ್ ತೆಗೆಯಿರಿ. ಹಣೆ ಒತ್ತಿ ಗದ್ದ ಎತ್ತಿ, ಮೂಗು ಹಿಡಿದು, ಐದು ಸೆಕೆಂಡಿಗೊಮ್ಮೆ ಒಂದು ಉಸಿರು. ಒಂದು ಸೆಕೆಂಡಿನಷ್ಟು ಮಾತ್ರ. ಎದೆ ಏರಬೇಕು. ಹೊಟ್ಟೆ ಉಬ್ಬಿದರೆ ತಲೆ ಸಾಕಷ್ಟು ಹಿಂದೆ ಬಾಗಿಲ್ಲ ಅಥವಾ ಜೋರಾಗಿ ಊದಿದ್ದೀರಿ. ಕಲಿಯುವವರ ಸಾಮಾನ್ಯ ತಪ್ಪು ಅವಸರ, "ಒಂದು ಸಾವಿರ, ಎರಡು ಸಾವಿರ..." ಎಂದು ಎಣಿಸಿದರೆ ಲಯ ಬರುತ್ತದೆ. ಉಸಿರೇ ಇಲ್ಲ, ಮಿಸುಕಾಟವೂ ಇಲ್ಲ ಎಂದರೆ ಎದೆ ಒತ್ತಲು ಶುರು: 30 ಒತ್ತು, 2 ಉಸಿರು, ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂ.ಮೀ. ಬಿಟ್ಟು ಹೋಗಬೇಕಾಗಿ ಬಂದರೆ ಎಡಮಗ್ಗುಲಿಗೆ ಹೊರಳಿಸಿ, ಮೇಲಿನ ಮಂಡಿ ಮಡಚಿ, ವಾಂತಿ ಹೊರಗೆ ಹೋಗುವಂತೆ.

ನಲಾಕ್ಸೋನ್ ಈ ಮದ್ದಿನ ಪರಿಣಾಮವನ್ನು ಕಳೆಯುವ ಇಂಜೆಕ್ಷನ್. ಇದಕ್ಕೆ ವೈದ್ಯರ ಚೀಟಿ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಾಸ್ತಾನಿದೆಯೇ ಎಂದು ತರಬೇತಿಗೆ ಮುಂಚೆಯೇ ಕೇಳಿ, ನರ್ಸನ್ನು ಕರೆಸಿ. ವಯಸ್ಕರಿಗೆ 0.4 ಮಿ.ಗ್ರಾಂ. ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡಬಹುದು. ಎರಡು-ಮೂರು ನಿಮಿಷದಲ್ಲಿ ಉಸಿರು ಸುಧಾರಿಸದಿದ್ದರೆ ಮತ್ತೊಮ್ಮೆ. ಅಷ್ಟರವರೆಗೆ ಊದುವುದು ನಿಲ್ಲಬಾರದು. ಸಾರಾಯಿ, ನಿದ್ರೆಗುಳಿಗೆಗೆ ಇದು ಕೆಲಸ ಮಾಡದು, ಟ್ರಾಮಡಾಲಿಗೆ ಅರ್ಧಂಬರ್ಧ. ಎದ್ದು ಕೂತವನು ಮನೆಗೆ ಹೋಗುತ್ತೇನೆ ಎಂದು ಹಟ ಹಿಡಿಯುತ್ತಾನೆ. ಬಿಡಬೇಡಿ. ನಲಾಕ್ಸೋನಿನ ಬಲ 30ರಿಂದ 90 ನಿಮಿಷ, ಗುಳಿಗೆಯ ಬಲ ಅದಕ್ಕಿಂತ ಹೆಚ್ಚು ಹೊತ್ತು ಇರಬಹುದು. ಮತ್ತೆ ಉಸಿರು ಕುಸಿಯುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಯಾವುದೇ ಇರಲಿ, ಜಿಲ್ಲಾ ಆಸ್ಪತ್ರೆಯಲ್ಲಿ ನಿಗಾದಲ್ಲಿರಲಿ.

ತಡೆಯುವ ಮಾತಿನಲ್ಲಿ ಮುಖ್ಯವಾದದ್ದು: ಬೆಳಗಾವಿಯ ಹಿಂಡಲಗಾ ಜೈಲಿನಿಂದಲೋ ವ್ಯಸನಮುಕ್ತಿ ಕೇಂದ್ರದಿಂದಲೋ ಹೊರಬಂದವರ ಮೈ ಹಳೆಯ ಪ್ರಮಾಣವನ್ನು ತಡೆಯದು. ಆ ಮೊದಲ ವಾರಗಳಲ್ಲಿ ಮನೆಯವರಿಗೇ ಈ ತರಬೇತಿ ಮೊದಲು ಸಿಗಬೇಕು. ವ್ಯಸನಮುಕ್ತಿ ಸಹಾಯವಾಣಿ 14446. ಮಾರ್ಫಿನ್ ಇರುವ ಮನೆಯಲ್ಲಿ ಡಬ್ಬಿಗೆ ಬೀಗ, ಉಳಿದ ಗುಳಿಗೆಗಳ ಲೆಕ್ಕ ಕ್ಯಾಲೆಂಡರಿನ ಮೇಲೆ.