ಅಡಿಕೆ ಮರದ ತುದಿಯಲ್ಲಿ ಮೊಬೈಲು, ಮೆತ್ತಿನ ಮೇಲೆ ತರಗತಿ

2020ರ ಸೆಪ್ಟೆಂಬರಿನಲ್ಲಿ ಪದವಿಯ ಎರಡನೆಯ ವರ್ಷದ ಪಾಠಗಳು ಆನ್‌ಲೈನ್‌ನಲ್ಲಿ ಆರಂಭವಾದಾಗ ನಾನು ಸಿದ್ದಾಪುರ ತಾಲ್ಲೂಕಿನ ನಮ್ಮ ಮನೆಯಲ್ಲಿದ್ದೆ. ಮನೆಯಿರುವುದು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ, ತೋಟದ ತಲೆಯ ಮೇಲೆ. ಅಂಗಳದಲ್ಲಿ ನಿಂತರೆ ಮೊಬೈಲಿನಲ್ಲಿ ಒಂದು ಕಡ್ಡಿ ಬರುತ್ತಿತ್ತು, ಒಳಗೆ ಕಾಲಿಟ್ಟರೆ ಅದೂ ಇಲ್ಲ. ಊರಿನ ಉಳಿದ ಹುಡುಗರಂತೆ ನಾನೂ ಮೊದಲ ಮೂರು ವಾರ ಗುಡ್ಡದ ನೆತ್ತಿಗೆ ಹೋಗಿ, ತಾಡಪತ್ರಿ ಕಟ್ಟಿಕೊಂಡು, ಕಾಲಿಗೆ ಹತ್ತಿದ ಉಂಬಳ ಕೀಳುತ್ತ ಪಾಠ ಕೇಳಿದೆ. ಮಳೆಯ ಸದ್ದಿನಲ್ಲಿ ಉಪನ್ಯಾಸಕರ ಮಾತು ಅರ್ಧ ಕೇಳಿಸುತ್ತಿರಲಿಲ್ಲ. ಹಾಜರಿ ಕರೆದಾಗ ನಾನು ಹೇಳಿದ ‘ಪ್ರೆಸೆಂಟ್ ಸರ್’ ಅವರಿಗೆ ತಲುಪುವ ಹೊತ್ತಿಗೆ ನನ್ನ ನಂತರದ ಮೂವರ ಹೆಸರು ಮುಗಿದಿರುತ್ತಿತ್ತು.

ಗುಡ್ಡದ ಮೇಲೆ ಸಿಗುವುದು ನಮ್ಮ ಅಂಗಳದ ಅಂಚಿನ ಅಡಿಕೆ ಮರದ ತುದಿಯಲ್ಲಿ ಏಕೆ ಸಿಗಬಾರದು ಎಂಬ ಯೋಚನೆ ಅಲ್ಲಿಂದಲೇ ಬಂದದ್ದು. ಅಡಿಕೆಯ ಕೊನೆ (ಗೊನೆ) ಕೊಯ್ಯಲು ಮರ ಹತ್ತಿದವರು ಮೇಲಿಂದಲೇ ಫೋನಿನಲ್ಲಿ ಮಾತಾಡುವುದನ್ನು ನಾವೆಲ್ಲ ನೋಡಿಯೇ ಇದ್ದೆವು, ಆದರೆ ಯಾರೂ ಅದನ್ನು ಮುಂದಕ್ಕೆ ಯೋಚಿಸಿರಲಿಲ್ಲ. ಹಳೆಯ ಫೋನೊಂದನ್ನು ಮೇಲೇರಿಸಿ ಹಾಟ್‌ಸ್ಪಾಟ್ ಹಚ್ಚಿದರೆ ಲ್ಯಾಪ್‌ಟಾಪನ್ನು ಮೆತ್ತಿನ (ಮಹಡಿಯ) ಮೇಲಿಟ್ಟುಕೊಂಡು ಬೆಚ್ಚಗೆ ಕೂರಬಹುದು ಎಂದು ನಾನು ಹೇಳಿದಾಗ ಅಪ್ಪಯ್ಯ ನಕ್ಕರು. ಪಕ್ಕದ ಮನೆಯ ಮಾವನಂತೂ ಮುಂದಿನ ಎರಡು ತಿಂಗಳು ಬೇಲಿಯಾಚೆಯಿಂದ “ಧ್ವಜಾರೋಹಣ ಆತನಾ ತಮಾ?” ಎಂದು ದಿನಾ ಬೆಳಿಗ್ಗೆ ಕೇಳುತ್ತಿದ್ದರು.

ಅದಕ್ಕೂ ಮೊದಲು ಕಳೆದುಕೊಂಡ ಹಣದ ಲೆಕ್ಕ ಹೇಳಬೇಕು. ಫೋನಿನ ಹಿಂಬದಿಗೆ ಅಂಟಿಸುವ ‘ಸಿಗ್ನಲ್ ಬೂಸ್ಟರ್’ ಸ್ಟಿಕ್ಕರಿಗೆ 350 ರೂಪಾಯಿ ಹೋಯಿತು, ಅದರಿಂದ ಆದದ್ದು ಏನೂ ಇಲ್ಲ. ಮಾಡಿನ ಮೇಲೆ ನಿಲ್ಲಿಸುವ ಯಾಗಿ ಆಂಟೆನಾ, ಕೇಬಲ್ಲು ಎಲ್ಲ ಸೇರಿ ಸುಮಾರು 2,200. ಅದನ್ನು ಫೋನಿಗೆ ಜೋಡಿಸುವ ಕಿಂಡಿಯೇ ಇರುವುದಿಲ್ಲವೆಂಬುದು ಪಾರ್ಸೆಲ್ ಬಿಚ್ಚಿದ ಮೇಲೆ ಹೊಳೆಯಿತು. ಅದಕ್ಕೆಂದು ಬೇರೆ ಡಾಂಗಲ್ ಕೊಂಡರೆ ಅದರಲ್ಲೂ ಕಿಂಡಿ ಇರಲಿಲ್ಲ, ಅಲ್ಲಿ ಇನ್ನೊಂದು ಸಾವಿರದ ಐನೂರೋ ಎಂಟುನೂರೋ ಹೋಯಿತು. ಆ ಆಂಟೆನಾದ ಮೇಲೆ ಈಗ ಆಯಿ ತೊಂಡೆ ಬಳ್ಳಿ ಹಬ್ಬಿಸಿದ್ದಾರೆ.

ಮರದ ವ್ಯವಸ್ಥೆಗೆ ತಗುಲಿದ್ದು ಇದಕ್ಕಿಂತ ಕಡಿಮೆ. ಸಣ್ಣ ರಾಟೆ 150, ಮೂವತ್ತು ಮೀಟರ್ ನೈಲಾನ್ ಹಗ್ಗ 400ರ ಸುಮಾರು, ಇಪ್ಪತ್ತು ಸಾವಿರ ಎಂಎಎಚ್‌ನ ಪವರ್ ಬ್ಯಾಂಕಿಗೆ ಸಾವಿರದೈನೂರು, ಮರ ಹತ್ತಿ ರಾಟೆ ಕಟ್ಟಿದ ಕೊನೆಗೌಡರಿಗೆ, ಅಂದರೆ ಅಡಿಕೆ ಕೊನೆ ಕೊಯ್ಯುವವರಿಗೆ, 300. ಫೋನು ಅಪ್ಪಯ್ಯನ ಹಳೆಯದು.

ಮೊದಲ ಪ್ರಯತ್ನದಲ್ಲಿ ನಾನು ಮಾಡಿದ ತಪ್ಪನ್ನು ಭೌತಶಾಸ್ತ್ರದ ವಿದ್ಯಾರ್ಥಿ ಎಂಬ ನಾಚಿಕೆಯೊಂದಿಗೇ ಒಪ್ಪಿಕೊಳ್ಳುತ್ತೇನೆ. ನೀರು ಹೋಗಬಾರದೆಂದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೊಳಗೆ ಫೋನಿಟ್ಟು ನಲವತ್ತೈದು ಅಡಿ ಎತ್ತರಕ್ಕೆ ಏರಿಸಿದೆ. ಕೆಳಗೆ ಹಾಟ್‌ಸ್ಪಾಟಿನ ಹೆಸರೂ ಕಾಣಿಸಲಿಲ್ಲ. ಅದೇ ವಾರ ನಮಗೆ ನಡೆಯುತ್ತಿದ್ದ ಪಾಠ ವಿದ್ಯುತ್ಕಾಂತೀಯತೆ. ಲೋಹದ ಪಂಜರದೊಳಕ್ಕೆ ಅಲೆಗಳು ನುಗ್ಗುವುದಿಲ್ಲವೆಂಬ ‘ಫ್ಯಾರಡೆ ಪಂಜರ’ದ ತತ್ವವನ್ನು ನಾನು ಕಲಿತದ್ದು ಆ ಡಬ್ಬಿಯಿಂದ. ಎರಡನೆಯ ಸಲ ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿ ಹಿಡಿದೆ. ಸಿಗ್ನಲ್ ಮೂರು ಕಡ್ಡಿ ಬಂತು, ಆದರೆ ಮಳೆ ಹೊಳವಾಗಿ ಬಿಸಿಲು ಬಿದ್ದ ದಿನ ಪವರ್ ಬ್ಯಾಂಕಿನ ಕಾವು, ಫೋನಿನ ಕಾವು ಎರಡೂ ಸೇರಿ ಹನ್ನೊಂದು ಗಂಟೆಗೇ ಫೋನು ತಾನಾಗಿ ಆರಿತು. ಅಂದಿನಿಂದ ಪವರ್ ಬ್ಯಾಂಕಿಗೆ ಬೇರೆ ಡಬ್ಬಿ ಮಾಡಿ, ಎರಡಕ್ಕೂ ತಳದಲ್ಲಿ ಮಾತ್ರ ತೂತು ಕೊರೆದು, ಮೇಲ್ಭಾಗಕ್ಕೆ ಥರ್ಮೋಕೋಲ್ ಹೊದಿಸಿದೆ. ಇನ್ನೊಂದು ಸಣ್ಣ ಸಂಗತಿ ನನ್ನ ಎರಡು ದಿನ ತಿಂದಿತು. ಹತ್ತು ನಿಮಿಷ ಯಾರೂ ಬಳಸದಿದ್ದರೆ ಹಾಟ್‌ಸ್ಪಾಟ್ ತಾನಾಗಿ ಆರುವಂತೆ ಕೆಲವು ಫೋನುಗಳಲ್ಲಿ ಮೊದಲೇ ಇರುತ್ತದೆ. ಅದನ್ನು ತೆಗೆಯದೆ ಮೇಲೇರಿಸಿದರೆ ಪ್ರತಿ ಬಿಡುವಿಗೂ ಡಬ್ಬಿ ಇಳಿಸಬೇಕಾಗುತ್ತದೆ.

ದೊಡ್ಡ ಫಜೀತಿಯಾದದ್ದು ಅಕ್ಟೋಬರಿನಲ್ಲಿ. ಹಗ್ಗ ರಾಟೆಯ ಗಾಲಿಯಿಂದ ಜಾರಿ ಪಕ್ಕಕ್ಕೆ ಸಿಕ್ಕಿಕೊಂಡು, ಡಬ್ಬಿ ಮೇಲೂ ಹೋಗದೆ ಕೆಳಗೂ ಬಾರದೆ ನಿಂತಿತು. ಕೊನೆಗೌಡರು ಬೇರೆ ಊರಿನಲ್ಲಿ ಕೆಲಸ ಹಿಡಿದಿದ್ದರು, ಎರಡು ದಿನ ಬಿಟ್ಟು ಬರುತ್ತೇನೆಂದರು. ಪರೀಕ್ಷಾ ಶುಲ್ಕ ಕಟ್ಟಲು ಮರುದಿನವೇ ಕೊನೆಯ ದಿನ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮು ಮರದ ಮೇಲಿತ್ತು. ಒಟಿಪಿಯೂ ಅಲ್ಲಿಗೇ ಬಂದು ಬೀಳುತ್ತಿತ್ತು, ನಾನು ಕೆಳಗೆ ನಿಂತು ಅದು ಬಂದ ‘ಟಿಂಗ್’ ಸದ್ದನ್ನು ಕೇಳುತ್ತಿದ್ದೆ! ಕೊನೆಗೆ ಸಿರಸಿಯಲ್ಲಿರುವ ಗೆಳೆಯನೊಬ್ಬ ನನ್ನ ಶುಲ್ಕ ತುಂಬಿದ. ಅಂದಿನಿಂದ ಮರಕ್ಕೆ ಬೇರೆಯದೇ ಸಿಮ್ಮು, ರಾಟೆಗೆ ಎರಡೂ ಬದಿ ತಗಡಿನ ಕಿವಿ.

ಈ ನಡುವೆ ಅಪ್ಪಯ್ಯನ ಗೆಳೆಯರೊಬ್ಬರ ಕಾರ್ಬನ್ ಫೈಬರ್ ದೋಟಿಯನ್ನು (ನೆಲದಿಂದಲೇ ಕೊನೆ ಕೊಯ್ಯುವ ಉದ್ದ ಕೋಲನ್ನು) ಒಂದು ಮಧ್ಯಾಹ್ನ ಬೇಡಿ ತಂದು ಅದರ ತುದಿಗೆ ಫೋನು ಕಟ್ಟಿ ನೋಡಿದ್ದೂ ಉಂಟು. ಬೇಕಾದ ಕಡೆಗೆ ತಿರುಗಿಸಬಹುದೆಂಬ ಆಸೆ ನನಗೆ. ಆದರೆ ಅದರಲ್ಲಿ ಕರೆಂಟು ಹರಿಯುತ್ತದೆ, ನಮ್ಮ ಅಂಗಳದ ಮೇಲೆಯೇ ವಿದ್ಯುತ್ ತಂತಿ ಹಾದುಹೋಗಿದೆ. ಆಯಿ ಕೂಗಿದ ಕೂಗಿಗೆ ಸಂಜೆಯೊಳಗೆ ದೋಟಿ ಯಜಮಾನರ ಮನೆ ಸೇರಿತು. ಗುಡುಗಿನ ಮೊದಲ ಸದ್ದಿಗೇ ಡಬ್ಬಿ ಇಳಿಸಬೇಕೆಂಬ ಕಟ್ಟಳೆಯೂ ಅವರದೇ. ಅದನ್ನು ನಾನು ಒಮ್ಮೆಯೂ ಮೀರಿಲ್ಲ, ಹಾಜರಿ ಹೋದರೂ ಸರಿಯೇ.

ಡೇಟಾದ ವಿಚಾರ ಬೇಗ ಮುಗಿಸುತ್ತೇನೆ. ಆಗ 84 ದಿನಕ್ಕೆ 599 ರೂಪಾಯಿ ಕೊಟ್ಟರೆ ದಿನಕ್ಕೆ 2 ಜಿಬಿ. ಎಲ್ಲರ ಮುಖ ಕಾಣುವಂತೆ ಕೂತರೆ ಒಂದು ತರಗತಿಗೇ 700 ಎಂಬಿಯಷ್ಟು ಹೋಗಿ, ಮೂರನೆಯದಕ್ಕೆ ಎಲ್ಲ ಖಾಲಿ. ಬರುವ ವಿಡಿಯೋಗಳನ್ನೆಲ್ಲ ಮುಚ್ಚಿ ಪರದೆ ಮತ್ತು ಧ್ವನಿ ಮಾತ್ರ ಉಳಿಸಿಕೊಂಡಾಗ ನಾಲ್ಕು ತರಗತಿಗೆ ಸುಮಾರು 600 ಎಂಬಿಯಲ್ಲಿ ಮುಗಿಯುತ್ತಿತ್ತು. ಫೋನನ್ನು ದೂರದವರೆಗೆ ಹಾಯುವ 850 ಮೆಗಾಹರ್ಟ್ಸಿನ ತರಂಗಗಳ ಬ್ಯಾಂಡಿಗೇ ಕಟ್ಟಿಹಾಕಿದ್ದು ನನ್ನ ಇನ್ನೊಂದು ಲಾಭ. ಹೇಗೆ ಕಟ್ಟಿದೆ, ಡಬ್ಬಿಯ ಮುಖ ಯಾವ ಕಡೆಗಿತ್ತು ಎಂಬುದನ್ನು ಮಾತ್ರ ಬರೆಯಲಾರೆ. ನಮ್ಮ ಟವರಿಗೆ ಈಗಾಗಲೇ ಜನ ಹೆಚ್ಚು.

2020ರ ನವೆಂಬರ್ 17ಕ್ಕೆ ಕಾಲೇಜು ತೆರೆದರೂ ಬರಲೇಬೇಕೆಂಬ ಒತ್ತಾಯ ಇರಲಿಲ್ಲ. ಹೋಗಲು ಬೇಕಿದ್ದ ಒಪ್ಪಿಗೆ ಪತ್ರಕ್ಕೆ ಮನೆಯಲ್ಲಿ ಸಹಿ ಬೀಳಲಿಲ್ಲ. ಆಗಲೇ ಅಡಿಕೆ ಸುಲಿಯುವ ಕಾಲ. ರೆಕಾರ್ಡ್ ಮಾಡಿದ ಪಾಠಗಳಿಂದ ಧ್ವನಿಯನ್ನಷ್ಟೇ ಬೇರ್ಪಡಿಸಿ, ಸೆಕೆಂಡಿಗೆ 32 ಕಿಲೋಬಿಟ್‌ನ ಮೋನೋಗೆ (ಒಂದೇ ಧ್ವನಿಪಥಕ್ಕೆ) ಇಳಿಸಿದರೆ ಒಂದು ಗಂಟೆಯ ಪಾಠ 14 ಎಂಬಿಯಲ್ಲಿ ಕೂರುತ್ತದೆ. ಗೆಳೆಯ ಪೇಟೆಯಿಂದ ಕಳಿಸಿದ ಅಂಥ ಕಡತಗಳನ್ನು ಕಿವಿಗೆ ಹಾಕಿಕೊಂಡು ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದೆ. ಇಂಗ್ಲಿಷು, ಪರಿಸರ ಅಧ್ಯಯನ ಹೀಗೇ ಪೂರ್ತಿ ಮುಗಿದವು. ಗಣಿತ ಮಾತ್ರ ಸಂಪೂರ್ಣ ಸೋಲು. “ಇದು ಈ ಕಡೆ ಬರುತ್ತದೆ, ಅದು ಅದರ ಜೊತೆ ಹೋಗುತ್ತದೆ, ಉಳಿದದ್ದು ಇಷ್ಟು” ಎಂದು ಉಪನ್ಯಾಸಕರು ಹೇಳುತ್ತಿದ್ದರೆ ಯಾವುದು ಯಾವ ಕಡೆ ಹೋಯಿತೆಂಬುದು ಅಡಿಕೆ ಸುಲಿಯುವವನಿಗೆ ತಿಳಿಯುವುದಾದರೂ ಹೇಗೆ? ಬೆರಳು ಒಂದೆರಡು ಸಲ ಕೊಯ್ದುಕೊಂಡದ್ದೂ ಗಣಿತದ ರಾತ್ರಿಗಳಲ್ಲೇ.

2021ರ ಏಪ್ರಿಲ್ ಕೊನೆಯಲ್ಲಿ ಮತ್ತೆ ಎಲ್ಲ ಮುಚ್ಚಿದಾಗ ನಮ್ಮ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ರಾಟೆ ಮರದಲ್ಲೇ ಇತ್ತು. ಆ ಸಲ ಬೆಳಿಗ್ಗೆ ಬೇಲಿಯ ಹತ್ತಿರ ಬಂದ ಮಾವ, ತಮ್ಮ ಮಗಳ ಡಿಪ್ಲೊಮಾ ತರಗತಿಗಳಿವೆಯೆಂದು ಹೇಳಿ ಹಾಟ್‌ಸ್ಪಾಟಿನ ಪಾಸ್‌ವರ್ಡ್ ಕೇಳಿದರು. ಕೊಟ್ಟೆ, ಅರ್ಧ ರೀಚಾರ್ಜು ಅವರದೆಂಬ ಮಾತಿನ ಮೇಲೆ. ಈಗ ಊರಿಗೆ ಫೈಬರ್ ಬಂದಿದೆ. ಗಾಳಿಮಳೆಗೆ ಮರ ಬಿದ್ದು ಅದು ಕಡಿದ ದಿನಗಳಲ್ಲಿ ಡಬ್ಬಿ ಮತ್ತೆ ಮೇಲೇರುತ್ತದೆ. ಬಿಸಿಲಿಗೆ ನೈಲಾನ್ ಬಲ ಕಳೆದುಕೊಳ್ಳುವುದರಿಂದ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಹಗ್ಗವನ್ನು ಬದಲಿಸುತ್ತೇನೆ.