ಟ್ಯಾಂಕಿಲ್ಲದ ಗೀಸರ್: ಉಳಿತಾಯ ಎಲ್ಲಿದೆ, ಎಲ್ಲಿಲ್ಲ

15 ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಕಾಯಿಸಲು ಸುಮಾರು 0.35 ಯೂನಿಟ್‌ನಷ್ಟು ಶಾಖ ಬೇಕು. ಯಾವ ಗೀಸರ್ ತಂದರೂ ಇದು ಕಡಿಮೆಯಾಗದು. ನೀರು ಹರಿಯುವಾಗಲೇ ಕಾಯಿಸುವ ಟ್ಯಾಂಕಿಲ್ಲದ ಗೀಸರ್ ಉಳಿಸುವುದು, ಕಾಯಿಸಿ ಬಳಸದೆ ಬಿಟ್ಟ ನೀರಿನ ಶಾಖವನ್ನು ಮಾತ್ರ. 15 ಲೀಟರಿನ ಸ್ಟೋರೇಜ್ ಗೀಸರ್ 60 ಡಿಗ್ರಿಗೆ ಕಾಯಲು 0.66 ಯೂನಿಟ್ ಎಳೆಯುತ್ತದೆ. ಒಬ್ಬರೇ ಮಿಂದು ಹೋದರೆ ಅದರಲ್ಲಿ ಅರ್ಧದಷ್ಟು ಒಳಗೇ ಉಳಿದು ಆರುತ್ತಾ ಹೋಗುತ್ತದೆ.

ಹಾಗಾಗಿ ಒಬ್ಬಿಬ್ಬರಿರುವ ಮನೆಗೆ, ಬೇರೆ ಬೇರೆ ಹೊತ್ತಿನಲ್ಲಿ ಸ್ನಾನ ಮಾಡುವವರಿಗೆ ಟ್ಯಾಂಕಿಲ್ಲದ್ದು ಲಾಭ. ನಾಲ್ವರು ಬೆಳಿಗ್ಗೆ ಸಾಲಾಗಿ ಸ್ನಾನ ಮುಗಿಸುವ ಮನೆಯಲ್ಲಿ ಚೆನ್ನಾಗಿರುವ ಸ್ಟೋರೇಜ್ ಗೀಸರನ್ನು ಕಿತ್ತುಹಾಕುವುದು ದಂಡ. 2 ಕಿಲೋವ್ಯಾಟಿನದಾದರೆ ಸ್ನಾನಕ್ಕೆ 20 ನಿಮಿಷ ಮೊದಲು ಹಾಕಿ, ಮುಗಿದ ಕೂಡಲೇ ಆರಿಸಿ, ಅಷ್ಟೇ ಸಾಕು.

ಕರೆಂಟಿನದು

ಅಂಗಡಿಯಲ್ಲಿ ಇನ್‌ಸ್ಟಂಟ್ ಎಂದು ಕೊಡುವ 3 ಲೀಟರ್, 3 ಕಿಲೋವ್ಯಾಟ್ ಗೀಸರಿನಲ್ಲೂ ಪುಟ್ಟ ಟ್ಯಾಂಕ್ ಇರುತ್ತದೆ. ಸ್ವಿಚ್ ಹಾಕಿಯೇ ಬಿಟ್ಟರೆ ಅದೂ ಸುಮ್ಮನೆ ಕಾಯುತ್ತಿರುತ್ತದೆ. 20 ಡಿಗ್ರಿ ಏರಿಸಿಕೊಂಡು ಇದು ನಿಮಿಷಕ್ಕೆ ಎರಡು ಲೀಟರಿಗಿಂತ ತುಸು ಹೆಚ್ಚು ಕೊಡಬಲ್ಲದು, ಬಕೆಟ್ ತುಂಬಲು 7 ನಿಮಿಷ. ಚಳಿಗಾಲದಲ್ಲಿ ಮಡಿಕೇರಿ, ಚಿಕ್ಕಮಗಳೂರಿನ ಕಡೆ ಛಾವಣಿ ಟ್ಯಾಂಕಿನ ನೀರು 16 ಡಿಗ್ರಿಗಿಳಿದರೆ 9 ನಿಮಿಷ. ದೊಡ್ಡ ಶವರಿಗೆ ಇದು ಸಾಲದು.

ನಲ್ಲಿಯನ್ನು ಹೊಂದಿಸಲು ಒಂದು ಲೀಟರಿನ ಮಗ್ ಹಿಡಿಯಿರಿ: 28 ಸೆಕೆಂಡಿನಲ್ಲಿ ತುಂಬುವಂತಿದ್ದರೆ ಹದ. ಇನ್ನೂ ರಭಸವಾಗಿ ಬಿಟ್ಟರೆ ಉಗುರುಬೆಚ್ಚಗಿನ ನೀರೇ ಗತಿ, ಆಮೇಲೆ ಗೀಸರನ್ನು ಬೈದು ಪ್ರಯೋಜನವಿಲ್ಲ.

3 ಕಿಲೋವ್ಯಾಟ್ ಎಂದರೆ 13 ಆಂಪಿಯರ್. 16 ಆಂಪಿಯರ್ ಸಾಕೆಟ್, ಡಿಬಿಯಿಂದ (ಮನೆಯ ಮುಖ್ಯ ಸ್ವಿಚ್ ಪೆಟ್ಟಿಗೆ) ನೇರ ಬಂದ 4 ಚದರ ಮಿ.ಮೀ. ತಾಮ್ರದ ವೈರ್, ಲೋಡ್ ಮೀರಿದರೆ ತಾನೇ ಬೀಳುವ ಪ್ರತ್ಯೇಕ ಎಂಸಿಬಿ, ಕರೆಂಟ್ ಸೋರಿದರೆ ತಟ್ಟನೆ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಇರಲಿ. ಪ್ಲಗ್ ಬಿಸಿಯಾಗಿ ಕಂದಿದರೆ ಸಾಕೆಟ್ ಸಡಿಲವಾಗಿದೆ, ಕೂಡಲೇ ಬದಲಿಸಿ.

ಗ್ಯಾಸಿನದು

ನಿಮಿಷಕ್ಕೆ 6 ಲೀಟರಿನ ಗ್ಯಾಸ್ ಗೀಸರ್ ಒಂದು ಬಕೆಟ್‌ಗೆ ಸುಮಾರು 35 ಗ್ರಾಂ ಎಲ್‌ಪಿಜಿ ಸುಡುತ್ತದೆ. ದಿನಕ್ಕೆ ನಾಲ್ಕು ಬಕೆಟ್ ಎಂದರೆ 14.2 ಕೆ.ಜಿ. ಸಿಲಿಂಡರ್ ನೂರು ದಿನ ಬರುತ್ತದೆ, ಕರೆಂಟಿನಲ್ಲಿ ತಿಂಗಳಿಗೆ 42 ಯೂನಿಟ್ ಇಳಿಯುತ್ತದೆ. ಗೃಹಜ್ಯೋತಿಯ 200 ಯೂನಿಟ್ ಗಡಿಯಲ್ಲಿ ತೂಗಾಡುವ ಮನೆಗೆ ಇದು ಸಣ್ಣ ಮಾತಲ್ಲ.

ಆದರೆ ಬಚ್ಚಲೊಳಗೆ ಇದನ್ನು ಕೂರಿಸಲೇಬೇಡಿ. ಮುಚ್ಚಿದ ಜಾಗದಲ್ಲಿ ಉರಿಗೆ ಆಮ್ಲಜನಕ ಸಾಲದೆ ಹೊರಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ತಲೆ ಸುತ್ತುವ ಹೊತ್ತಿಗೆ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಬಚ್ಚಲಿಗೊಂದು ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂಬ ಧೈರ್ಯವೂ ಬೇಡ. ತೆರೆದ ಯುಟಿಲಿಟಿಯ ಗೋಡೆಗೆ ಹಾಕಿ, ಬಚ್ಚಲಿನ ಕಿಟಕಿಯಿಂದ ದೂರದಲ್ಲಿ. ಪೈಪ್ ಹತ್ತು ಮೀಟರ್ ಉದ್ದವಾದರೂ ಅರ್ಧ ಇಂಚಿನ ಸಿಪಿವಿಸಿಯಲ್ಲಿ (ಬಿಸಿನೀರು ತಾಳುವ ಪ್ಲಾಸ್ಟಿಕ್ ಪೈಪ್) ನಿಲ್ಲುವುದು ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು. ಆ ತಣ್ಣೀರನ್ನು ಮೊದಲು ಬಕೆಟ್ಟಿಗೇ ಹಿಡಿದುಕೊಂಡರಾಯಿತು. ಗ್ಯಾಸ್ ಪೈಪ್ ಕೂಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ, ಬೆಂಕಿಕಡ್ಡಿ ಗೀರಬೇಡಿ.

ನಲ್ಲಿ ಬಿಟ್ಟರೂ ಕಿಡಿ ಹಾರದಿದ್ದರೆ ಮೊದಲು ಬ್ಯಾಟರಿ ಬದಲಿಸಿ. ಆಮೇಲೆ ನೀರಿನ ಒತ್ತಡ: ಟ್ಯಾಂಕಿಗೂ ಗೀಸರಿಗೂ ಹತ್ತು ಮೀಟರ್ ಎತ್ತರದ ಅಂತರವಿದ್ದರೆ ಒಂದು ಬಾರ್ ಒತ್ತಡ. ಮೇಲಿನ ಮಹಡಿಯಲ್ಲಿ ಅಂತರ ಎರಡೇ ಮೀಟರ್ ಇದ್ದಾಗ ನೀರಿನ ಒತ್ತಡಕ್ಕೆ ಎದ್ದು ಗ್ಯಾಸ್ ತೆರೆಯುವ ಒಳಗಿನ ಡಯಾಫ್ರಾಂ (ರಬ್ಬರ್ ಪದರ) ಮೇಲೇಳದಿರಬಹುದು. ಟ್ಯಾಂಕ್ ಎತ್ತರಿಸಿ, ಇಲ್ಲವೇ ಪ್ರೆಶರ್ ಪಂಪ್ ಹಾಕಿ. ಸ್ನಾನದ ನಡುವೆ ಉರಿ ಆರುತ್ತಿದ್ದರೆ ಮಿಕ್ಸರ್ ನಲ್ಲಿಯಲ್ಲಿ ತಣ್ಣೀರು ಹೆಚ್ಚಾಗಿ ಗೀಸರಿನ ಹರಿವು ಕುಗ್ಗಿರುವುದೇ ಸಾಮಾನ್ಯ ಕಾರಣ. ತಣ್ಣೀರು ಬೆರೆಸುವ ಬದಲು ಗ್ಯಾಸಿನ ನಾಬ್ ತಗ್ಗಿಸಿ, ಗ್ಯಾಸೂ ಉಳಿಯುತ್ತದೆ.

ಬೋರ್‌ವೆಲ್ ನೀರಿನ ಮನೆಯಲ್ಲಿ ಸುಣ್ಣ ಕಟ್ಟುವುದು ಸಾಮಾನ್ಯ. ನೀರಿನ ಧಾರೆ ಸಣ್ಣಗಾಗಿ, ಒಳಗೆ ಕೊರಕೊರ ಸದ್ದು ಬಂದರೆ ಅದೇ ಗುರುತು. ಗ್ಯಾಸ್, ನೀರು ಎರಡನ್ನೂ ಮುಚ್ಚಿ, ಬ್ಯಾಟರಿ ತೆಗೆಯಿರಿ. ನೀರು ಒಳಬರುವ ಕಡೆಯ ಜಾಲರಿಯನ್ನು ಹಳೆಯ ಬ್ರಷ್‌ನಿಂದ ಉಜ್ಜಿ. ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ನೀರು ಕಾಯುವ ಸುರುಳಿ ಕೊಳವೆಯ (ಕಾಯಿಲ್) ಒಳಗೆ ತುಂಬಿ, ಅರ್ಧ ಗಂಟೆ ಬಿಟ್ಟು, ತಿಳಿ ನೀರು ಬರುವ ತನಕ ತೊಳೆಯಿರಿ. ನೀಲಿಯಾಗಿದ್ದ ಉರಿ ಹಳದಿಗೆ ತಿರುಗಿ ಮಸಿ ಕಟ್ಟುತ್ತಿದ್ದರೆ ಮಾತ್ರ ನೀವೇ ಬಿಚ್ಚಬೇಡಿ. ಗೀಸರ್ ನಿಲ್ಲಿಸಿ, ಮೆಕ್ಯಾನಿಕ್ ಬಂದು ಬರ್ನರ್ ಸ್ವಚ್ಛ ಮಾಡುವ ತನಕ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.