ಮಲೆನಾಡಿನ ಮಳೆಗೆ ಉಬ್ಬದ ಸ್ಪೀಕರ್ ಹಲಗೆ: ನನ್ನ ಅನುಭವ

ನಮ್ಮ ಹಳೆಯ ಸೆಡಾನ್ ಕಾರಿನಲ್ಲಿ ಹಿಂದಿನ ಸೀಟಿಗೂ ಗಾಜಿಗೂ ನಡುವೆ ಕೂರುವ, ಸ್ಪೀಕರ್ ಕೂರಿಸುವ ಹಲಗೆಯಾದ ಪಾರ್ಸೆಲ್ ಟ್ರೇಯನ್ನು ನಾನು ಎರಡು ಬಾರಿ ಮಾಡಿದ್ದೇನೆ. ಮೊದಲನೆಯದು ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆಯದು. ಕೊಯ್ಯಲು ಸುಲಭವೆಂದು ಅದನ್ನು ಆರಿಸಿಕೊಂಡಿದ್ದೆ. ಮೂಡಿಗೆರೆಯ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಗಾಜಿನ ಕಡೆಯ ಅಂಚು ತೇವ ಹೀರಿ ಉಬ್ಬಿತು, ಸ್ಕ್ರೂಗಳು ಹಿಡಿತ ಬಿಟ್ಟವು, ಧ್ವನಿ ಸ್ವಲ್ಪ ಏರಿಸಿದರೂ ಹಲಗೆ ಕಟಕಟ ಎನ್ನತೊಡಗಿತು. ಎರಡನೆಯ ಬಾರಿ ಚಿಕ್ಕಮಗಳೂರಿಗೆ ಹೋಗಿ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿರುವ, ನೀರು ತಡೆಯುವ 12 ಮಿ.ಮೀ. ಮರೈನ್ ಪ್ಲೈವುಡ್ ತಂದೆ.

ಅಳತೆಗೆ ಹಳೆಯ ಟ್ರೇಯನ್ನು ನಂಬಲಿಲ್ಲ, ಏಕೆಂದರೆ ಅದೇ ಬಾಗಿತ್ತು. ದಪ್ಪ ರಟ್ಟನ್ನು ತುಂಡುತುಂಡಾಗಿ ಕತ್ತರಿಸಿ, ಗಾಜಿನ ಬಾಗಿಗೆ ಸರಿಯಾಗಿ ತಾಗಿಸಿ, ಟೇಪಿನಿಂದ ಒಂದಕ್ಕೊಂದು ಅಂಟಿಸುತ್ತಾ ಪೂರ್ತಿ ನಮೂನೆಯನ್ನು ಕಾರಿನೊಳಗೇ ಕಟ್ಟಿದೆ. ಸುತ್ತಲೂ 3 ಮಿ.ಮೀ. ಕಡಿಮೆ ಮಾಡಿಯೇ ಗೆರೆ ಎಳೆದೆ. ಬಟ್ಟೆ ಅಂಚಿನ ಮೇಲೆ ಮಡಚಿಕೊಂಡಾಗ ಅಷ್ಟು ಜಾಗ ಅದಕ್ಕೇ ಬೇಕಾಗುತ್ತದೆ. ಸೀಟ್ ಬೆಲ್ಟಿನ ಬಿಗಿತಾಣಗಳನ್ನೂ ಮೇಲಿನ ಬ್ರೇಕ್ ದೀಪವನ್ನೂ ಮುಟ್ಟಲಿಲ್ಲ, ಕೆಳಗಿನ ಉಕ್ಕಿನ ತಗಡಿನಲ್ಲಿ ಹೊಸ ರಂಧ್ರವನ್ನು ಕೊಯ್ಯಲಿಲ್ಲ. ಮೊದಲೇ ಇದ್ದ ತೆರಪುಗಳ ಮೇಲೆಯೇ 6x9 ಅಂಗುಲದ ಅಂಡಾಕಾರದ ಸ್ಪೀಕರ್‌ಗಳ ಸ್ಥಾನ ಗೊತ್ತುಮಾಡಿಕೊಂಡೆ. ಡಿಕ್ಕಿಯ ಮುಚ್ಚಳವನ್ನು ಎತ್ತಿ ಹಿಡಿಯುವ ಸ್ಪ್ರಿಂಗ್ ಸರಳುಗಳು ಆ ತಗಡಿನ ಅಡಿಯಲ್ಲೇ ಅಡ್ಡಹಾಯುತ್ತವೆ. ಆದ್ದರಿಂದ ಕೊಯ್ಯುವ ಮುನ್ನ ಸ್ಪೀಕರನ್ನು ಕೈಯಲ್ಲಿ ಹಿಡಿದು, ಮುಚ್ಚಳವನ್ನು ಹತ್ತಾರು ಬಾರಿ ತೆರೆದು ಮುಚ್ಚಿ, ಮ್ಯಾಗ್ನೆಟ್ಟಿಗೂ ಸರಳಿಗೂ ಎರಡು ಬೆರಳಿನಷ್ಟು ಅಂತರ ಉಳಿಯುವುದನ್ನು ನೋಡಿಕೊಂಡೆ.

ಕೊಯ್ಯುವ ಕೆಲಸವನ್ನು ನಮ್ಮೂರಿನ ಆಚಾರಿಯವರ ಜಿಗ್‌ಸಾದಿಂದ ಅರ್ಧ ದಿನದಲ್ಲಿ ಮುಗಿಸಿದೆ. ಕೊಯ್ದ ಅಂಚುಗಳಿಗೆ ಎರಡು ಸಲ ವಾರ್ನಿಷ್ ಕುಡಿಸಿದೆ, ಏಕೆಂದರೆ ಎಷ್ಟೇ ಒಳ್ಳೆಯ ಪ್ಲೈವುಡ್ ಆದರೂ ನೀರು ಒಳಗೆ ಇಳಿಯುವುದು ಅಂಚಿನಿಂದಲೇ. ಹೊದಿಕೆಗೆ ಕಪ್ಪು ಬಟ್ಟೆಯನ್ನೇ ಆರಿಸಿಕೊಂಡೆ. ತಿಳಿಬಣ್ಣವಾದರೆ ಬಿಸಿಲಿನಲ್ಲಿ ಹಿಂದಿನ ಗಾಜಿನ ಮೇಲೆ ಪ್ರತಿಫಲಿಸಿ ಚಾಲಕನ ಕಣ್ಣಿಗೆ ತೊಂದರೆಯಾಗುತ್ತದೆ. ರಬ್ಬರ್ ಅಂಟನ್ನು ಹಲಗೆಗೂ ಬಟ್ಟೆಗೂ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಮಧ್ಯದಿಂದ ಅಂಚಿನ ಕಡೆಗೆ ಒತ್ತುತ್ತಾ ಹೋದೆ.

ಈ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟದ್ದು ಸಂದುಗಳನ್ನು ಮುಚ್ಚುವುದಕ್ಕೆ. ಸ್ಪೀಕರಿನ ಕೋನು, ಅಂದರೆ ಅದುರಿ ನಾದ ಹೊಮ್ಮಿಸುವ ಪೊರೆ, ಮುಂದಕ್ಕೆ ತಳ್ಳುವ ಗಾಳಿಗೂ ಹಿಂದಕ್ಕೆ ಎಳೆಯುವ ಗಾಳಿಗೂ ದಿಕ್ಕು ವಿರುದ್ಧವಾಗಿರುವುದರಿಂದ, ಅವೆರಡೂ ಒಂದು ಸಂದಿನಲ್ಲಿ ಕೂಡಿಕೊಂಡರೆ ಮಂದ್ರದ ನಾದ ಅಲ್ಲೇ ಅಳಿದುಹೋಗುತ್ತದೆ. ಡಿಕ್ಕಿಯೇ ಮುಚ್ಚಿದ ಪೆಟ್ಟಿಗೆಯಂತೆ ಕೆಲಸ ಮಾಡಬೇಕಾದರೆ ಹಲಗೆ ನಿಜವಾದ ಗೋಡೆಯಾಗಿರಬೇಕು. ತಗಡಿನಲ್ಲಿ ಉಳಿದಿದ್ದ ರಂಧ್ರಗಳಿಗೆ ಬ್ಯುಟೈಲ್ ಎಂಬ ರಬ್ಬರಿನ ಅಂಟುಹಾಳೆ ಅಂಟಿಸಿ, ಹಲಗೆಯ ಅಡಿಗೂ ಸ್ಪೀಕರಿನ ಅಂಚಿಗೂ ಫೋಮ್ ಪಟ್ಟಿ ಇಟ್ಟೆ. ಆ ರಾತ್ರಿ ಉರಿಯುವ ಟಾರ್ಚನ್ನು ಡಿಕ್ಕಿಯಲ್ಲಿಟ್ಟು ಮುಚ್ಚಳ ಹಾಕಿ, ದೀಪವಿಲ್ಲದ ಕಾರಿನ ಹಿಂದಿನ ಸೀಟಿನಲ್ಲಿ ಮಂಡಿಯೂರಿ ನೋಡಿದೆ. ಎಡಮೂಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬೆಳಕಿನ ಗೆರೆ ಕಾಣಿಸಿತು. ಅದನ್ನೂ ಮುಚ್ಚಿದ ಮೇಲೆಯೇ ನನಗೆ ಸಮಾಧಾನವಾಯಿತು.

ಒಂದು ಸ್ಪೀಕರಿನ ತಂತಿ ಅದಲುಬದಲಾದರೂ ಮಂದ್ರ ಹೀಗೆಯೇ ಕಳೆದುಹೋಗುತ್ತದೆ. ತಂತಿಯ ತುದಿಗೆ 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ, ಧನ ತುದಿಗೆ ಧನ ಸೇರಿದಾಗ ಎರಡೂ ಕೋನುಗಳು ಹೊರಕ್ಕೇ ಉಬ್ಬುವುದನ್ನು ಖಚಿತಪಡಿಸಿಕೊಂಡೆ.

ಎಲ್ಲ ಸೇರಿ ತೂಕ ಆರೂವರೆ ಕಿಲೋ ಬಂತು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಬೇಕಾಗಿ ಬಂದರೆ ಅಷ್ಟು ತೂಕ ಹಿಂದೆ ಕೂತವರ ಕುತ್ತಿಗೆಯ ಮೇಲೆ ಬರಬಾರದು. ಆದ್ದರಿಂದ ಅಂಟನ್ನಾಗಲಿ ಕ್ಲಿಪ್ಪನ್ನಾಗಲಿ ನೆಚ್ಚದೆ, ತಗಡಿನಲ್ಲಿ ಮೊದಲೇ ಇದ್ದ ರಂಧ್ರಗಳ ಮೂಲಕ ಆರು ಬೋಲ್ಟುಗಳಿಗೆ ಅಗಲವಾದ ವಾಷರ್ ಹಾಕಿ, ಸಡಿಲಾಗದ ನೈಲಾನ್ ನಟ್ಟುಗಳಿಂದ ಬಿಗಿದೆ.

ಮೊದಲ ಬಾರಿ ಹಾಕಿದ್ದು ಒಂದು ಸಂಗೀತ ಕಛೇರಿಯ ಧ್ವನಿಮುದ್ರಣ. ಎಂಡಿಎಫ್ ಹಲಗೆಯಲ್ಲಿ ಕೇಳಿಸದೇ ಇದ್ದ ಮೃದಂಗದ ಎಡಬದಿಯ ನಾದ ಈಗ ಒಂದೊಂದು ಪೆಟ್ಟಿಗೂ ಬಿಡಿಬಿಡಿಯಾಗಿ ಬಂತು. ಎರಡು ಮಳೆಗಾಲಗಳ ನಂತರ ಮೊನ್ನೆ ಹಲಗೆಯನ್ನು ಬಿಚ್ಚಿ ಗಾಜಿನ ಕಡೆಯ ಅಂಚನ್ನು ಅಳೆದೆ. ಇನ್ನೂ 12 ಮಿ.ಮೀ. ಇದೆ.